ಮಾರುವ ಮನೂಕ, ತಿನ್ನುವ ಎಳ್ಳು

2019ರಲ್ಲಿ ಎಳ್ಳ ಅಮಾವಾಸ್ಯೆಯೂ ಕ್ರಿಸ್‌ಮಸ್ಸೂ ಒಂದೇ ದಿನ ಬಂದವು. ಬಂದವು ಅನ್ನುವುದಕ್ಕಿಂತ ನಮ್ಮ ಅತ್ತೆ ಬರಿಸಿಕೊಂಡಳು ಅನ್ನುವುದೇ ಸರಿ. ಜತ್ತ ತಾಲೂಕಿನ ಪೂರ್ವದಂಚಿನಲ್ಲಿ, ಉಮದಿಯಿಂದ ಒಳಗಿರುವ ಆ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಎರಡು ಕ್ಯಾಲೆಂಡರ್ ತೂಗುತ್ತವೆ. ಒಂದು ಮರಾಠಿಯ ಕಾಲನಿರ್ಣಯ, ಇನ್ನೊಂದು ಗದಗಿನ ಶಾಬಾದಿಮಠದ್ದು. ಹಾಲಿನ ಲೆಕ್ಕ, ನೀರಿನ ಟ್ಯಾಂಕರಿನ ಲೆಕ್ಕ, ದ್ರಾಕ್ಷಿಗೆ ಔಷಧ ಹೊಡೆದ ತಾರೀಖು ಮರಾಠಿಯದರ ಮೇಲೆ. ಹಬ್ಬ ಹುಣ್ಣಿಮೆ ನೋಡುವುದು ಕನ್ನಡದ್ದರಲ್ಲಿ. ಆ ಸಲ ಎರಡೂ ಹೇಳಿದ್ದು ಒಂದೇ. ಅಮಾವಾಸ್ಯೆ ಡಿಸೆಂಬರ್ 25ರ ಮುಂಜಾನೆ ಹನ್ನೊಂದು ದಾಟಿದ ಮೇಲೆ ಹಿಡಿದು, 26ರ ಹನ್ನೊಂದರೊಳಗೆ ಬಿಡುತ್ತದೆ. 26ರ ಮುಂಜಾನೆ ಎಂಟರಿಂದ ಸೂರ್ಯಗ್ರಹಣ. ಊರಲ್ಲಿ ಕೆಲವರು 26ಕ್ಕೇ ಮಾಡೋಣ ಅಂತಿದ್ದರು.

“ಗ್ರಾಣ ಹಿಡದ ಹೊತ್ತಿನ್ಯಾಗ ಯಾರ ಒಲಿ ಹೊತ್ತಸ್ತಾರ? ಗ್ರಾಣ ಬಿಟ್ಟ ಮ್ಯಾಲೆ ಅಮಾಸಿ ಎಲ್ಲಿರತೈತಿ? ಇಪ್ಪತ್ತೈದಕ್ಕ ಚರಗ,” ಅಂದಳು ಅತ್ತೆ. ಮಾವ ಪಂಚಾಂಗ ತೆರೆದಿದ್ದವರು ಮುಚ್ಚಿಟ್ಟರು.

ವಿಜಯಪುರದಿಂದ ಪಂಢರಪುರದ ದಾರಿ ಹಿಡಿದರೆ ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿಗಳ ಫಲಕದಿಂದ. ನೆಲ ಅದೇ ಕರಿ ನೆಲ, ನಡುನಡುವೆ ಅದೇ ಮಡ್ಡಿ, ಅದೇ ಜಾಲಿ. ಫಲಕದ ಅಕ್ಷರ ದೇವನಾಗರಿಗೆ ತಿರುಗುತ್ತದೆ, ಫಲಕದ ಕೆಳಗೆ ಕುಂತು ಚಹಾ ಕುಡಿಯುವವರ ಮಾತು ತಿರುಗುವುದಿಲ್ಲ. ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಮುಂದೆ ಮಹಾರಾಷ್ಟ್ರದಲ್ಲೇ ಉಳಿಯಿತು. ಸಾಂಗ್ಲಿ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಾಲೂಕು ಇದು. ನೀರಿನ ವಿಷಯಕ್ಕೆ ಬಂದರೆ ಎಲ್ಲಕ್ಕಿಂತ ಕಡೆಯದು. ಆ ವರ್ಷದ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ ಪೇಟೆಯಲ್ಲಿ ದೋಣಿ ಓಡಾಡಿದಾಗ, ಅದೇ ಜಿಲ್ಲೆಯ ಈ ಮೂಲೆಯಲ್ಲಿ ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಮೂರು ವರ್ಷದ ಮೇಲೆ, 2022ರ ಚಳಿಗಾಲದಲ್ಲಿ, ಕರ್ನಾಟಕದ ಮುಖ್ಯಮಂತ್ರಿಗಳು ಜತ್ತದ ನಲವತ್ತು ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಿಕೊಳ್ಳುವ ಮಾತು ತೆಗೆದಾಗ ಟಿ.ವಿ.ಯವರು ಭಾಷೆಯ ಜಗಳ ಹುಡುಕಿಕೊಂಡು ಇಲ್ಲಿಗೆ ಬಂದರು. ಊರವರು ಕರೆದೊಯ್ದು ತೋರಿಸಿದ್ದು ಕೆರೆ.

ಇಂಥ ನೆಲದಲ್ಲಿ ದ್ರಾಕ್ಷಿ ಬೆಳೆಯುತ್ತದೆ ಅಂದರೆ ಹೊಸಬರಿಗೆ ನಂಬಿಕೆ ಬರುವುದಿಲ್ಲ. ಬೆಳೆಯುವುದಷ್ಟೇ ಅಲ್ಲ, ಒಣಗುತ್ತದೆ. ಇಲ್ಲಿಯ ಬದುಕು ನಿಂತಿರುವುದು ಆ ಒಣಗುವುದರ ಮೇಲೆ. ಉಮದಿ, ಸಂಖ, ಆಚೆ ವಿಜಯಪುರದ ತಿಕೋಟಾ ಸೀಮೆ, ಪಶ್ಚಿಮಕ್ಕೆ ತಾಸಗಾಂವದವರೆಗೆ ಹರಡಿರುವ ಈ ಪಟ್ಟಿಯಲ್ಲಿ ಫೆಬ್ರುವರಿ ಮುಗಿಯುವುದರೊಳಗೆ ಗಾಳಿಯಲ್ಲಿ ತೇವ ಅನ್ನುವುದೇ ಇರುವುದಿಲ್ಲ. ಮೆಣಸಿನಕಾಯಿ, ಶಂಡಿಗೆ, ಮನುಷ್ಯರ ತುಟಿ ಎಲ್ಲವನ್ನೂ ಒಣಗಿಸುವ ಆ ಗಾಳಿಯೇ ಇಲ್ಲಿ ಬಂಡವಾಳ. ಸಾಂಗ್ಲಿಯ ಮನೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಭೌಗೋಳಿಕ ಸೂಚಿಕೆಯ ಮುದ್ರೆಯೂ ಸಿಕ್ಕಿದೆ. ಬರಗಾಲಕ್ಕೆ ಸಿಕ್ಕ ಪ್ರಶಸ್ತಿ ಅಂತ ಮಾವ ನಗುತ್ತಾರೆ.

ನಾನು ಹೋದಾಗ ಮಾವನ ದ್ರಾಕ್ಷಿ ಒಣಗಿಸುವ ಶೆಡ್ ಖಾಲಿಯಿತ್ತು. ಕಬ್ಬಿಣದ ಕಂಬಗಳ ನಡುವೆ ಬಲೆ ಬಿಗಿದ ಅಟ್ಟಗಳು ಒಂದರ ಮೇಲೊಂದು, ಮೇಲೆ ತಗಡು, ಸುತ್ತ ಹಸಿರು ಜಾಳಿಗೆ. ಮಾವ ಒಂದು ಅಟ್ಟದ ಬಲೆ ಮೀಟಿ ತೋರಿಸಿದರು. ಕಳೆದ ಹಂಗಾಮಿನ ಎರಡು ಕಾಳು ಇನ್ನೂ ಅಂಟಿಕೊಂಡಿದ್ದವು. ಹಣ್ಣು ಪೂರ್ತಿ ಸಕ್ಕರೆ ತುಂಬಿದ ಮೇಲೆಯೇ ಗೊಂಚಲು ಕೊಯ್ಯುತ್ತಾರೆ. ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಶಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಕಲಸಿದ ತೊಟ್ಟಿಯಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯುತ್ತಾರೆ. ಹಣ್ಣಿನ ಸಿಪ್ಪೆಯ ಮೇಲೆ ಮೇಣದ ಪದರು ಇರುತ್ತದೆ, ಒಳಗಿನ ನೀರನ್ನು ಹೊರಗೆ ಬಿಡದೆ ಹಿಡಿದಿಡುವುದು ಅದೇ. ಈ ದ್ರಾವಣ ಆ ಪದರನ್ನು ಸಡಿಲಿಸುತ್ತದೆ. ಆಮೇಲೆ ನೆರಳಲ್ಲಿ ಅಟ್ಟದ ಮೇಲೆ ಹರವಿದರೆ ಎರಡು ವಾರ ಹೆಚ್ಚುಕಡಿಮೆಯಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮನೂಕ ಆಗುತ್ತದೆ. ಬಿಸಿಲಿಗೆ ಹಾಕಿದರೆ ಕಂದು, ನೆರಳಲ್ಲಾದರೆ ಹಸಿರು ಹಳದಿ. ಪೇಟೆ ಕೇಳುವುದು ಹಸಿರು ಹಳದಿಯನ್ನು.

ನಾವು ಹೋದದ್ದು ಡಿಸೆಂಬರ್. ಅಕ್ಟೋಬರಿನಲ್ಲಿ ಚಾಟಣಿ ಮಾಡಿದ, ಅಂದರೆ ಕಡ್ಡಿ ಸವರಿದ, ಬಳ್ಳಿಗೆ ಕಾಳು ಕಟ್ಟುತ್ತಿತ್ತು. ಆ ವರ್ಷ ದೀಪಾವಳಿಯ ಆಚೀಚೆ ಬಿಡದೆ ಸುರಿದ ಅಕಾಲ ಮಳೆ ಅರ್ಧ ಗೊಂಚಲನ್ನು ಹೂವಿನಲ್ಲೇ ಕೊಳೆಸಿತ್ತು. ಮಳೆಗಾಗಿ ದೇವರಿಗೆ ಹರಕೆ ಹೊರುವ ಊರಿನಲ್ಲಿ ಮಳೆಯನ್ನು ಬೈಯುವ ತಿಂಗಳೂ ಒಂದು ಇದೆ, ದ್ರಾಕ್ಷಿ ಬಂದ ಮೇಲೆ.

ಈ ಅದ್ದುವ ಪದ್ಧತಿಯನ್ನು ರೂಢಿಸಿದವರು ಆಸ್ಟ್ರೇಲಿಯಾದವರು. ಅದರ ಜೊತೆಗೆ ಒಂದು ಹಳೆಯ ಅಡುಗೆ ಪಟ್ಟಿ ನನಗೆ ನೆನಪಾಗುತ್ತದೆ. 1927ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಮಾರುಕಟ್ಟೆ ಮಂಡಳಿ, ಐದನೆಯ ಜಾರ್ಜ್ ದೊರೆಯ ಬಾಣಸಿಗನಿಂದ ಬರೆಸಿಕೊಂಡು, ಕ್ರಿಸ್‌ಮಸ್ ಪುಡ್ಡಿಂಗಿನ ಒಂದು ಪಟ್ಟಿಯನ್ನು ಪ್ರಕಟಿಸಿತು. ಒಂದೊಂದು ಸಾಮಾನು ಸಾಮ್ರಾಜ್ಯದ ಒಂದೊಂದು ನಾಡಿನಿಂದ ಬರಬೇಕು. ಒಣದ್ರಾಕ್ಷಿ ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ್ದು, ಸೇಬು ಕೆನಡಾದ್ದು, ಲವಂಗ ಜಂಜಿಬಾರಿನದು, ರಮ್ ಜಮೈಕಾದ್ದು. ಹಿಂದುಸ್ತಾನದ ಪಾಲಿಗೆ ಬಂದದ್ದು ಒಂದು ಚಮಚ ಮಸಾಲೆ ಪುಡಿ. ಈಗ ಬೆಂಗಳೂರಿನ, ಮುಂಬಯಿಯ, ಗೋವೆಯ ಬೇಕರಿಗಳು ನವೆಂಬರಿನಲ್ಲಿ ರಮ್ಮಿಗೆ ನೆನೆಹಾಕುವ ಒಣದ್ರಾಕ್ಷಿಯಲ್ಲಿ ಸಾಕಷ್ಟು ಪಾಲು ಈ ಗಡಿ ಪಟ್ಟಿಯ ಶೀತಗೃಹಗಳಿಂದ ಹೋದದ್ದು. ಕೇಕು ತಿನ್ನುವವರಿಗೆ ಜತ್ತ ಎಲ್ಲಿದೆ ಅಂತ ಗೊತ್ತಿಲ್ಲ. ಜತ್ತದವರೂ ಕೇಕು ತಿನ್ನುವುದಿಲ್ಲ ಅನ್ನಿ. ತಿಂದರೆ ಹುಟ್ಟುಹಬ್ಬಕ್ಕೆ, ಬೇಕರಿಯಿಂದ ತಂದ ಕೆನೆಯ ಕೇಕು.

ಮಾವನ ಮನೆಯಲ್ಲಿ ಮನೂಕ ತಿನ್ನುವುದೂ ಕಡಿಮೆ. ಚಲೋ ಮಾಲು ತಾಸಗಾಂವದ ಸೌದೆಗೆ, ಅಂದರೆ ಹರಾಜಿಗೆ, ಹೋಗುತ್ತದೆ. ಕರಿದಾದದ್ದು, ಸಣ್ಣದು, ತೊಟ್ಟು ಬಿಡದ್ದು ಒಂದು ಡಬ್ಬಿ ಮನೆಗೆ ಉಳಿಯುತ್ತದೆ. ಅದೂ ಬಾಣಂತಿಗೆ, ಕೆಮ್ಮಿದ ಮಗುವಿಗೆ. ಮನೂಕ ಮಾರುವುದು, ಎಳ್ಳು ತಿನ್ನುವುದು. ಇದನ್ನು ಯಾರೂ ನಿಯಮ ಮಾಡಿದ್ದಲ್ಲ. ದ್ರಾಕ್ಷಿ ಸಾಲದ ಬೆಳೆ. ಬಳ್ಳಿ, ಕಂಬ, ತಂತಿ, ಔಷಧ, ಕೊಳವೆ ಬಾವಿ ಎಲ್ಲಕ್ಕೂ ಬ್ಯಾಂಕಿನ ಪುಸ್ತಕದಲ್ಲಿ ಒಂದೊಂದು ಸಾಲು ಇದೆ. ಎಳ್ಳು, ಸಜ್ಜೆ, ಹಿಂಗಾರಿಯ ಮಾಲದಂಡಿ ಜೋಳ ಬರೀ ಮೋಡ ನೋಡಿ ಬಿತ್ತುವ ಬೆಳೆ. ಹಬ್ಬದ ಬುಟ್ಟಿ ತುಂಬುವುದು ಇವೇ.

24ಕ್ಕೆ ಜತ್ತ ಪೇಟೆಗೆ ಹೋಗಿದ್ದೆವು, ಮಿರಜದಿಂದ ಬರುವ ಅತ್ತೆಯ ಮಗಳನ್ನು ಕರೆತರಲು. ಮಿರಜದ ಆಸ್ಪತ್ರೆಯೊಂದರಲ್ಲಿ ಆಕೆ ನರ್ಸ್. ಬಸ್ಸು ತಡವಾಯಿತು. ನಿಲ್ದಾಣದ ಆಚೆ ಅಯ್ಯಂಗಾರ್ ಬೇಕರಿ ಅಂತ ಮರಾಠಿಯಲ್ಲಿ ಬರೆದ ಅಂಗಡಿ. ಒಳಗಿದ್ದಾತ ಹಾಸನದ ಕಡೆಯವನು. ಸಾಂಗ್ಲಿ, ಸೊಲ್ಲಾಪುರ, ಪುಣೆ ಎಲ್ಲಿ ನೋಡಿದರೂ ಈ ಹೆಸರಿನ ಬೇಕರಿ, ಎಲ್ಲಿ ವಿಚಾರಿಸಿದರೂ ಹಾಸನದವರು. ಮಾವನ ಮೊಮ್ಮಗಳು, ಕನ್ನಡ ಶಾಲೆಯ ಏಳನೆಯ ಇಯತ್ತೆಯವಳು, ಆತನ ಹತ್ತಿರ ಬೇಕಿಂಗ್ ಪೌಡರ್ ಕೇಳಿದಳು. “ಯಾಕಮ್ಮ, ಕೇಕೇ ಇದೆಯಲ್ಲ, ತಗೊಂಡು ಹೋಗಿ” ಅಂದ. ಅವನ ಕನ್ನಡ ಕೇಳಿ ಹುಡುಗಿಗೆ ನಗು. ಆಕೆಯ ಕನ್ನಡ ಕೇಳಿ ಆತನಿಗೆ ನಗು. ಪುಡಿಯ ಪೊಟ್ಟಣಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬರುವಾಗ ದಾರಿ ಬದಲಿಸಿ ಗುಡ್ಡಾಪುರದ ದಾನಮ್ಮನ ಗುಡಿಗೆ ಹೋದೆವು. ಛಟ್ಟಿ ಅಮಾವಾಸ್ಯೆಯ ಜಾತ್ರೆ ಹಿಂದಿನ ತಿಂಗಳಷ್ಟೇ ಮುಗಿದಿತ್ತು. ಈ ದಾನಮ್ಮ ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ. ಕಲ್ಯಾಣದಲ್ಲಿ ಆಕೆಯ ದಾಸೋಹ ನೋಡಿ ಬಸವಣ್ಣನವರು ದಾನಮ್ಮ ಅಂತ ಕರೆದರು ಅನ್ನುತ್ತಾರೆ. ಊಟಕ್ಕೆ ಹಾಕುವವಳೇ ದೇವರಾದ ಊರಿದು. ಜಾತ್ರೆಗೆ ವಿಜಯಪುರ, ಬಾಗಲಕೋಟೆಗಳಿಂದ ಜನ ನಡೆದೇ ಬರುತ್ತಾರೆ, ದಾರಿಯ ಹಳ್ಳಿಗಳವರು ರೊಟ್ಟಿ ಪಲ್ಯ ಹಿಡಿದು ನಿಂತಿರುತ್ತಾರೆ. ನಮಗೂ ಪ್ರಸಾದ ಸಿಕ್ಕಿತು.

ಮನೆಗೆ ಬಂದ ಮೇಲೆ ಅತ್ತೆಯ ಮಗಳು ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಜೊತೆಗೆ ಕೆಲಸ ಮಾಡುವ ಕ್ರೈಸ್ತ ಗೆಳತಿಯ ಮನೆಯದು. ಮಿರಜದಲ್ಲಿ ಆ ಸಮಾಜ ಹಳೆಯದು. ಕೆನಡಾದಲ್ಲಿ ಹುಟ್ಟಿದ ವೈದ್ಯ ವಿಲಿಯಂ ವಾನ್ಲೆಸ್ 1889ರಲ್ಲಿ ಪ್ರೆಸ್ಬಿಟೇರಿಯನ್ ಮಿಷನ್ನಿನಿಂದ ಸಾಂಗ್ಲಿಗೆ ಬಂದು, 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಈ ಸೀಮೆಯ ಕನ್ನಡಿಗರಿಗೂ ದೊಡ್ಡ ಬೇನೆ ಬಂದರೆ ಇವತ್ತಿಗೂ ಮಿರಜವೇ. ಡಬ್ಬಿಯಲ್ಲಿ ಕರಂಜಿ, ಚಕಲಿ, ಶಂಕರಪಾಳಿ. ಅತ್ತೆ ಮುಚ್ಚಳ ತೆಗೆದವಳು, “ಇದು ದೀಪಾವಳಿ ಫರಾಳ ಅಲ್ಲೇನ?” ಅಂದಳು. ಹೌದು, ಅದೇ. ಮರಾಠಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕರಿಯುವುದು ಅವನ್ನೇ. ಧರ್ಮ ಬದಲಾದರೂ ಕೈ ಬದಲಾಗಿಲ್ಲ. ಮಂಗಳೂರಿನ ಕಥೊಲಿಕರ ಕುಸ್ವಾರ್ ತಟ್ಟೆಯಲ್ಲೂ ಇದೇ ಕರಂಜಿ ನೆವ್ರಿ ಅಂತ ಕುಂತಿರುತ್ತದೆ. ಅದರ ಹೂರಣದಲ್ಲಿ ಕಾಯಿತುರಿ, ಎಳ್ಳು, ಒಣದ್ರಾಕ್ಷಿ ಒಟ್ಟಿಗೇ ಇರುತ್ತವೆ. ನನ್ನನ್ನು ಕೇಳಿದರೆ ನಮ್ಮ ನಾಡಿನ ಕ್ರಿಸ್‌ಮಸ್ ಇರುವುದು ಈ ಕರಿದ ತಿಂಡಿಯಲ್ಲಿ. ಕೇಕು ತಡವಾಗಿ ಬಂದ ನೆಂಟ. ತಲಶೇರಿಯ ಮಂಬಳ್ಳಿ ಬಾಪು ಒಬ್ಬ ಬಿಳಿಯ ದೊರೆಗಾಗಿ ಭಾರತದ ಮೊದಲ ಕ್ರಿಸ್‌ಮಸ್ ಕೇಕು ಬೇಯಿಸಿದ್ದು 1883ರಲ್ಲಿ ಅನ್ನುತ್ತಾರೆ. ನೆವ್ರಿ ಆಗಲೇ ಹಳೆಯದಾಗಿತ್ತು.

ಡಬ್ಬಿಯ ತಳದಲ್ಲಿ ಎಣ್ಣೆ ಕಾಗದದಲ್ಲಿ ಸುತ್ತಿದ ಒಂದು ತುಂಡು ಕೇಕೂ ಇತ್ತು. ಕಪ್ಪು, ಜಿಗುಟು, ಘಮಘಮ. ಎಲ್ಲರೂ ಅತ್ತೆಯ ಮುಖ ನೋಡಿದರು.

“ತತ್ತಿ ಹಾಕಿರ್ತಾರೇನ?”

“ಹಾಕಿರ್ತಾರವ್ವ,” ಅಂದಳು ಮಗಳು.

ಅತ್ತೆ ಡಬ್ಬಿ ಸರಿಸಿದಳು. ಮಾವ ಮಾತ್ರ ಕೇಕಿನಿಂದ ಒಂದು ಮನೂಕ ಕೆದರಿ ತೆಗೆದು, ಬೆರಳಲ್ಲಿ ಹಿಸುಕಿ, ಬೆಳಕಿಗೆ ಹಿಡಿದರು. ನೆನೆದು ಉಬ್ಬಿದ್ದರಿಂದ ಯಾವ ದರ್ಜೆಯದು ಅಂತ ಹೇಳಲು ಬರಲಿಲ್ಲ. “ತತ್ತಿ ಇದ್ದರ ಇರವಲ್ದ್ಯಾಕ, ಒಳಗ ನಮ್ಮ ಮಾಲ ಐತಿ” ಅಂದು ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ಯಾರು ತಿಂದರು ಅಂತ ಮರುದಿನ ಯಾರೂ ಕೇಳಲಿಲ್ಲ. ಮೊಮ್ಮಗಳು ಮಾತ್ರ ಹಟ ಹಿಡಿದಳು, ತತ್ತಿ ಇಲ್ಲದ್ದು ನಾನೇ ಮಾಡುತ್ತೇನೆ, ಮನೂಕದ ಡಬ್ಬಿ ಕೊಡಬೇಕು ಅಂತ. ಹಬ್ಬ ಮುಗಿಯಲಿ ಅಂದಳು ಅತ್ತೆ.

ಆ ರಾತ್ರಿ ಒಲೆಯ ಮುಂದೆ ಸಜ್ಜೆ ರೊಟ್ಟಿ ನಡೆಯಿತು. ಸಜ್ಜೆ ಹಿಟ್ಟಿಗೆ ಜಿಗಿ ಇಲ್ಲ. ಕುದಿಯುವ ನೀರು ಹಾಕಿ, ಸುಡುಸುಡುವಾಗಲೇ ಅಂಗೈ ಹಿಮ್ಮಡಿಯಿಂದ ನಾದಿದರೆ ಮಾತ್ರ ಸೀಳದೆ ತಟ್ಟಲು ಬರುತ್ತದೆ. ಅತ್ತೆ ಪರಾತದ ಮೇಲೆ ಒಂದು ಚಿಟಿಕೆ ಎಳ್ಳು ಹರವುತ್ತಾಳೆ, ಅದರ ಮೇಲೆ ಉಂಡಿ ಇಟ್ಟು ತಟ್ಟುತ್ತಾಳೆ, ಮೇಲೆ ಇನ್ನೊಂದು ಚಿಟಿಕೆ. ಕೈ ಒಂದು ಕಡೆ ಬಡಿದರೆ ರೊಟ್ಟಿ ಇನ್ನೊಂದು ಕಡೆ ತಿರುಗುತ್ತದೆ. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ನೀರು ಆರುವ ಹೊತ್ತಿಗೆ ಮಗುಚುತ್ತಾಳೆ. ಎಳ್ಳು ಚಟಪಟ ಸಿಡಿಯುತ್ತದೆ. ಬೆಂದ ರೊಟ್ಟಿಯನ್ನು ಒಲೆಯ ಬದಿಗೆ ಉರಿಗೆ ಒಡ್ಡಿ ನಿಲ್ಲಿಸಿದರೆ ಖಡಕ್ ಆಗುತ್ತದೆ, ಸಂಕ್ರಾಂತಿಯವರೆಗೂ ಕೆಡುವುದಿಲ್ಲ. ಓವನ್ ಇಲ್ಲದ ನಾಡು ಅಂತ ನಾವು ಸುಮ್ಮನೆ ಅನ್ನುತ್ತೇವೆ. ನೇರ ಉರಿ, ಬದಿಯ ಕಾವು, ಆರಿದ ಮೇಲಿನ ಬಿಸಿ ಈ ಮೂರನ್ನೂ ಬೇರೆಬೇರೆಯಾಗಿ ದುಡಿಸಿಕೊಳ್ಳುವ ಒಲೆಗೆ ಇನ್ನೇನು ಹೆಸರು?

25ರ ಮುಂಜಾನೆ ನಸುಕಿನಿಂದಲೇ ಬುಟ್ಟಿ ತುಂಬಿದವು. ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಜೋಳದ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಮಡಕಿಕಾಳಿನ ಪಲ್ಯ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಚಿತ್ರಾನ್ನ, ಮೊಸರನ್ನ. ಮೂಲೆಯ ಸಣ್ಣ ಗಡಿಗೆಯಲ್ಲಿ ಕರಿಂಡಿ. ಅಗಸಿ, ಹಸಿಮೆಣಸಿನಕಾಯಿ, ಗಜ್ಜರಿ ಅರೆದು ಕೆಲವು ದಿನ ಹುಳಿ ಬರಿಸಿದ ಈ ಖಾರ ಚಳಿಗಾಲ ಬಿಟ್ಟರೆ ಸಿಗದು, ಮೊದಲ ಸಲ ಮೂಸಿದವರು ಹಿಂದೆ ಸರಿಯುತ್ತಾರೆ, ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಜೋಳ ಎದೆಯೆತ್ತರ, ತೆನೆ ಹೊಡೆಯಲು ಹೊಟ್ಟೆ ಕಟ್ಟಿತ್ತು. ಬಸುರಿಯ ಬಯಕೆ ತೀರಿಸುವಂತೆ ಭೂತಾಯಿಗೆ ಉಣ್ಣಿಸುವುದು ಚರಗ. ಬನ್ನಿಯ ಬುಡದಲ್ಲಿ ಐದು ಕಲ್ಲು ತೊಳೆದಿಟ್ಟು, ಪಾಂಡವರೆಂದು ಸುಣ್ಣ ಹಚ್ಚಿ, ಎಡೆ ಹಿಡಿದರು. ಆಮೇಲೆ ಎಲ್ಲ ಅಡುಗೆಯನ್ನೂ ಒಂದೇ ಬುಟ್ಟಿಯಲ್ಲಿ ಕಲಸಿ, ಮಾವ ಮುಂದೆ ಚೆಲ್ಲುತ್ತ, ಹಿಂದೆ ಮಗ ನೀರು ಚಿಮುಕಿಸುತ್ತ ಹೊಲದ ನಾಲ್ಕೂ ಬದು ಸುತ್ತಿ ಬಂದರು. ಜೋಳಕ್ಕೆ ಹಾಕಿದರು, ಕಡಲೆಗೆ ಹಾಕಿದರು. ದ್ರಾಕ್ಷಿ ತೋಟದ ಅಂಚಿಗೆ ಬಂದಾಗ ಮಾವ ಕೈ ತಡೆದರು. ಎಡೆ ಬಿದ್ದಲ್ಲಿ ಹಕ್ಕಿ ಬರುತ್ತವೆ, ಹಕ್ಕಿ ಬಂದರೆ ಗೊಂಚಲು ಕುಕ್ಕುತ್ತವೆ. ತೋಟಕ್ಕೆ ದೂರದಿಂದಲೇ ಒಂದು ಹಿಡಿ ಎಸೆದು, ಕೈ ಮುಗಿದು ಸಾಗಿದರು.

ಬುಟ್ಟಿ ಬಿಚ್ಚಿ ಉಣ್ಣಲು ಕುಂತಾಗ ಊರ ಮಂದಿಯೆಲ್ಲ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ. ಶೆಡ್ಡಿನಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು, ಪಕ್ಕದ ಹೊಲದ ಮುಸಲ್ಮಾನ ದೋಸ್ತ, ಶಾಲೆಯ ಮಾಸ್ತರು. ಬೇಡ ಅಂದರೆ ಅತ್ತೆಗೆ ಕೇಳಿಸುವುದೇ ಇಲ್ಲ. “ಹೊಲದಾಗ ಕುಂತಾರಿಗೆ ಹೊಟ್ಟಿ ಎರಡ ಇರತಾವರಿ, ಉಣ್ರಿ.” ನಾನು ಮಿರಜದ ಆ ಮನೆಯನ್ನು ನೆನೆಸಿಕೊಂಡೆ. ಅಲ್ಲಿಯೂ ಆ ಹೊತ್ತಿಗೆ ಚರ್ಚಿನಿಂದ ಬಂದು ಉಣ್ಣಲು ಕುಂತಿರುತ್ತಾರೆ, ಅವರ ಡಬ್ಬಿಗಳೂ ಹಿಂದು, ಮುಸಲ್ಮಾನ ನೆರೆಯವರ ಮನೆಗೆ ಹೊರಟಿರುತ್ತವೆ.

ಸಂಜೆ ಮನೆಗೆ ಬರುವಷ್ಟರಲ್ಲಿ ಹೊಸ ಅವಸರ. ಸೂರ್ಯಗ್ರಹಣದ ವೇಧ ಹನ್ನೆರಡು ತಾಸು ಮೊದಲೇ ಹಿಡಿಯುತ್ತದೆ, ಅಂದರೆ ರಾತ್ರಿ ಎಂಟಕ್ಕೆ ಒಲೆ ಆರಬೇಕು. ಹುಡುಗಿ ಆರಕ್ಕೆ ಹಿಟ್ಟು ಸಾಣಿಸಿದಳು. ಮೈದಾ, ಮೊಸರು, ಎಣ್ಣೆ, ಅಡುಗೆ ಸೋಡಾ, ಹಾಸನದವನ ಪುಡಿ. ಸಕ್ಕರೆ ಹಾಕಿದರೆ ಮಿ‍ರಜದ ಕೇಕಿನ ಬಣ್ಣ ಬರುವುದಿಲ್ಲ ಅಂತ ಚಿಂತಿಸುತ್ತಿದ್ದಾಗ ಅತ್ತೆ, “ಬೆಲ್ಲ ಹಾಕ ಮಬ್ಬ” ಅಂದು ತಾನೇ ಕುಟ್ಟಿ ಕೊಟ್ಟಳು. ಅಲ್ಲಿಂದ ಆಕೆ ಅಡುಗೆ ಮನೆ ಬಿಟ್ಟು ಕದಲಲಿಲ್ಲ. ಮನೂಕವನ್ನು ಹಾಗೇ ಸುರಿದರೆ ಭಾರಕ್ಕೆ ತಳಕ್ಕೆ ಇಳಿಯುತ್ತದೆ. ಒಣ ಹಿಟ್ಟಿನಲ್ಲಿ ಹೊರಳಿಸಿ ಹಾಕಿದರೆ ನಡುವೆ ನಿಲ್ಲುತ್ತದೆ. ಇದನ್ನು ಹುಡುಗಿ ಮೊಬೈಲಿನಲ್ಲಿ ನೋಡಿ ಕಲಿತಿದ್ದಳು. ದೊಡ್ಡ ಕುಕ್ಕರಿನ ತಳಕ್ಕೆ ಎರಡು ಬೆರಳು ಉಪ್ಪು, ಅದರ ಮೇಲೊಂದು ಬಟ್ಟಲು, ಬಟ್ಟಲ ಮೇಲೆ ಎಣ್ಣೆ ಸವರಿದ ಡಬ್ಬಿ. ಮುಚ್ಚಳದ ರಬ್ಬರ್ ತೆಗೆದು, ಸೀಟಿ ತೆಗೆದು, ಸಣ್ಣ ಉರಿ. ಮುಚ್ಚುವ ಮೊದಲು ಅತ್ತೆ ಒಂದು ಹಿಡಿ ಎಳ್ಳು ತಂದು ಮೇಲೆ ಉದುರಿಸಿದಳು. ಕೇಕಿಗೆ ಯಾರೂ ಎಳ್ಳು ಹಾಕುವುದಿಲ್ಲ ಆಯಿ ಅಂತ ಹುಡುಗಿ ಅಳು ಮೋರೆ ಮಾಡಿದಳು. “ಎಳ್ಳಮಾಸಿ ದಿನಾ ಎಳ್ಳ ಇಲ್ದ ಈ ಮನ್ಯಾಗ ಏನೂ ಒಲಿ ಏರೂದಿಲ್ಲ.”

ಎಂಟಕ್ಕೆ ಇನ್ನೂ ಐದು ನಿಮಿಷ ಇದ್ದಾಗ ಕಡ್ಡಿ ಚುಚ್ಚಿ ನೋಡಿ ಇಳಿಸಿದರು. ನಡು ಸ್ವಲ್ಪ ಕುಸಿದಿತ್ತು, ಬಣ್ಣ ಮಾತ್ರ ಬಂದಿತ್ತು. ತಿನ್ನುವುದು ಗ್ರಹಣ ಬಿಟ್ಟ ಮೇಲೆ. ನೀರಿನ ಕೊಡ, ಹಾಲು, ಹೆಪ್ಪಿಟ್ಟ ಮೊಸರು, ಉಪ್ಪಿನಕಾಯಿ ಭರಣಿಗಳ ಮೇಲೆ ಕರಕಿ ಎಸಳು ಇಡುತ್ತ ಬಂದ ಅತ್ತೆ, ಕೇಕಿನ ಮೇಲೂ ಒಂದು ಎಸಳು ಇಟ್ಟು ತಟ್ಟೆ ಮುಚ್ಚಿದಳು.

ಮರುದಿನ ಗ್ರಹಣ ಬಿಟ್ಟು, ಎಲ್ಲರದೂ ಜಳಕವಾಗಿ, ಚಹಾದ ಜೊತೆ ಕೇಕು ಕೊಯ್ದರು. ಗಟ್ಟಿಯಿತ್ತು. ಬೆಲ್ಲದ ಕಂಪು, ಹುರಿದ ಎಳ್ಳಿನ ರುಚಿ, ಕರಿ ಮನೂಕದ ಹುಳಿಸಿಹಿ. ಮಾವ ಎರಡನೆಯ ತುಂಡಿಗೆ ಕೈ ಹಾಕುತ್ತ ಕೇಳಿದರು, “ಬೆಂಗಳೂರಾಗ ಇಂಥಾದ್ದು ಕಿಲೋಕ್ಕ ಎಷ್ಟ ತಮ್ಮಾ?”

“ಆರೇಳು ನೂರು, ಮಾವ. ದೊಡ್ಡ ಅಂಗಡಿಯಲ್ಲಾದರೆ ಸಾವಿರ.”

ಅವರು ಬಾಯಲ್ಲಿ ಲೆಕ್ಕ ಹಾಕಿದರು. ಒಂದು ಕಿಲೋ ಕೇಕಿಗೆ ಕಾಲು ಕಿಲೋ ಮನೂಕ ಅಂತ ಹಿಡಿದರೂ, ಕಳೆದ ಸೌದೆಯ ದರಕ್ಕೆ ತಮ್ಮ ಪಾಲಿಗೆ ಐವತ್ತು ರೂಪಾಯಿಯೂ ಮುಟ್ಟುವುದಿಲ್ಲ. “ಹಂಗಾರ ಮಾಲ ಯಾಕ ಮಾರೂದು? ಶೆಡ್ಡಿನ್ಯಾಗ ನಾಕ ಕುಕ್ಕರ್ ಹಚ್ಚಿ ಕೇಕ್ ಮಾಡೂಣು.”

ಅತ್ತೆ ಒಳಗಿನಿಂದ ಕುಕ್ಕರ್ ತಂದು ಅವರ ಮುಂದಿಟ್ಟಳು. ಉಪ್ಪು ಕಾದು ತಳ ಕರ‍್ರಗಾಗಿ, ಬಿಳಿ ಪದರು ಗಚ್ಚಿನ ಹಾಗೆ ಹಿಡಿದಿತ್ತು. “ಮದಲ ಈ ಒಂದ ಕುಕ್ಕರ್ ತಿಕ್ಕರಿ. ನಾಕರದ್ದು ಆಮ್ಯಾಲ ನೋಡೂಣು.”